ಬೀಗದ ಮುಂದೆ ನಾಲ್ಕು ನಿಮಿಷ

ಫೆಬ್ರವರಿ ೪, ಮಂಗಳವಾರ

ಏಳಕ್ಕೆ ಬಾಗಿಲು ತೆಗೆದೆ. ಮೈನಸ್ ಇಪ್ಪತ್ತೇಳು. ಮಂಡಿ ನೋವು ನಿನ್ನೆಗಿಂತ ಜಾಸ್ತಿ. ಲಾಕರ್ ಕೀ ಎರಡು ಕಮ್ಮಿ — ಮತ್ತೆ ಯಾರೋ ಕಾಲುಚೀಲದಲ್ಲಿ ಹಾಕ್ಕೊಂಡು ಮನೆಗೆ ಹೋಗಿದ್ದಾರೆ. ಈ ಈಜುಕೊಳಕ್ಕೆ ಬಂದವರ ಕೋಟು ಇಸ್ಕೊಂಡು ಕಾಯೋ ಕೌಂಟರಿನಲ್ಲಿ ಇದು ನನ್ನ ಹದಿನೇಳನೇ ಚಳಿಗಾಲ. ಜನರ ಮುಖ ಮರೆಯುತ್ತೆ, ಕೋಟು ಮರೆಯಲ್ಲ.

ಶರತ್ಕಾಲದಲ್ಲಿ ಬಂದ ಹಳದಿ ಡಬ್ಬಿಗೆ ಇವತ್ತು ಗಾಜಿನ ಕಪಾಟು ಹಾಕಿದರು. ಹೆಸರು ಡಿಫಿಬ್ರಿಲೇಟರ್ ಅಂತೆ. ಎದೆಗೆ ಶಾಕ್ ಕೊಟ್ಟು ಹೃದಯವನ್ನ ದಾರಿಗೆ ತರೋದು. ಹೇಳೋಕೆ ಬಾಯಿ ತಿರುಗಲ್ಲ, ಎಲ್ಲರಿಗೂ ಅದು ಹಳದಿ ಡಬ್ಬಿ. ಕಪಾಟಿಗೆ ಬೀಗ. ಕೀ ಡೈರೆಕ್ಟರ್ ಬೊಲಾತ್‌ಖಾನ್ ಹತ್ರ ಒಂದು, ನರ್ಸ್ ಲಿಡಿಯಾ ಹತ್ರ ಒಂದು. ಗಾಜಿನ ಮೇಲೆ ಚೀಟಿ: ‘ವೈದ್ಯಕೀಯ ಸಿಬ್ಬಂದಿ ಮಾತ್ರ. ಬೇರೆಯವರು ಮುಟ್ಟಿದರೆ ಅವರೇ ಹೊಣೆ.’ ಓದಿದೆವು ಅಂತ ರಿಜಿಸ್ಟರಿನಲ್ಲಿ ಎಲ್ಲರೂ ಸಹಿ ಹಾಕಬೇಕಾಯ್ತು.

ಇಲ್ಲಿ ಚಿಕ್ಕವರಿಗೆಲ್ಲ ನಾನು ತಾತೆ, ಅಂದ್ರೆ ಅಕ್ಕ. ಈಜು ಕೋಚ್ ಪಾಕ್ ಸಹಿ ಹಾಕ್ತಾ ಅಂದ — “ಲಿಡಿಯಾ ಮನೆಗೆ ಹೋಗೋದು ಎರಡು ಗಂಟೆಗೆ. ಹಾಗಾದ್ರೆ ಊರವರಿಗೆಲ್ಲ ಹೇಳ್ಬಿಡಿ ತಾತೆ, ಎದೆ ಹಿಡ್ಕೊಂಡು ಬೀಳೋರು ಎರಡರ ಒಳಗೆ ಬೀಳಲಿ.”

ಎಲ್ಲ ನಕ್ಕೆವು. ಲಿಡಿಯಾ ನಗಲಿಲ್ಲ. “ಇದನ್ನ ಮಾಡಿರೋದೇ ಏನೂ ಗೊತ್ತಿಲ್ಲದವರಿಗೆ ಅಂತ. ತೆರೆದರೆ ಅದೇ ಮಾತಾಡುತ್ತೆ, ಹೇಳಿಕೊಡುತ್ತೆ. ಬೀಗ ಹಾಕು ಅಂತ ಯಾವ ಕಾನೂನೂ ಹೇಳಿಲ್ಲ. ಇದು ಇವರ ಭಯ, ಅಷ್ಟೇ” ಅಂದಳು.

ಡೈರೆಕ್ಟರ್ ಹಿಂದೆಯೇ ನಿಂತಿದ್ದ. “ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಜೈಲಿಗೆ ಹೋಗೋರು ಯಾರು ಲಿಡಿಯಾ, ನೀವಾ?” ಅಂದ. ಅವಳು ಕೈಚೀಲ ತಗೊಂಡು ಹೊರಟಳು. ಎರಡು ಗಂಟೆ ಆಗಿತ್ತು.

ಫೆ. ೬, ಗುರುವಾರ

ತೊಲೆಗೆನ್ ಅಗಾಯ್ ಬಂದಿದ್ದರು. ಮೂವತ್ತೈದು ವರ್ಷ ಭೂಗೋಳ ಕಲಿಸಿದವರು, ಊರಿಗೆಲ್ಲ ಅಗಾಯ್, ಅಂದ್ರೆ ಮೇಷ್ಟ್ರು. ಮಂಗಳವಾರ, ಗುರುವಾರ, ನಾಲ್ಕು ಗಂಟೆ. ಕೋಟು ಕೊಡ್ತಾ ಒಂದು ಪ್ರಶ್ನೆ ಕೇಳದೆ ಒಳಗೆ ಹೋಗಲ್ಲ.

“ಪೆರು ದೇಶದ ರಾಜಧಾನಿ?”

“ನಿಮ್ಮ ಟೋಪಿ ಎಲ್ಲಿ ಅಗಾಯ್?”

“ಫೇಲ್!”

ಐದಕ್ಕೆ ಹೆಂಡತಿ ರೈಹಾನ್ ಬರ್ತಾಳೆ, ಒಣ ಟೋಪಿ ಹಿಡ್ಕೊಂಡು. ಅರವತ್ತೊಂದು ವರ್ಷದ ಗಂಡಸನ್ನ ಬೆಂಚಿನ ಮೇಲೆ ಕೂರಿಸಿ ಕಿವಿ ಒರೆಸ್ತಾಳೆ. “ಪ್ರಪಂಚದ ನದಿಯೆಲ್ಲ ಗೊತ್ತು, ಮನೆಯಲ್ಲಿ ಸಕ್ಕರೆ ಎಲ್ಲಿದೆ ಗೊತ್ತಿಲ್ಲ” ಅಂತ ನನಗೆ ಕೇಳಿಸೋ ಹಾಗೆ ಬೈತಾಳೆ. ಅವರು ಕಣ್ಣು ಮುಚ್ಚಿ ಕೂತಿರ್ತಾರೆ. ಸುಖವಾಗಿ.

ಫೆ. ೧೧, ಮಂಗಳವಾರ, ಸಂಜೆ ಏಳು

ಮನೆಗೆ ಬಂದವಳೇ ಕೋಟೂ ಬಿಚ್ಚದೆ ಕೂತಿದ್ದೇನೆ. ಮೊದಲು ಬರೆಯಬೇಕು.

ನಾಲ್ಕೂ ಇಪ್ಪತ್ತೆರಡಕ್ಕೆ ಪಾಕ್ ಕೂಗಿದ. ಓಡಿದೆ. ಅಗಾಯ್ ಅವರನ್ನ ನೀರಿಂದ ಎಳೆದು ಅಂಚಿನಲ್ಲಿ ಮಲಗಿಸಿದ್ದ. ತುಟಿ ನೀಲಿ. ಉಸಿರಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ ನೆಲಕ್ಕಿಟ್ಟು, ಎರಡೂ ಕೈಯಿಂದ ಎದೆ ಒತ್ತೋಕೆ ಶುರು ಮಾಡಿದ್ದ. ತಲೆ ಎತ್ತದೆ ಅಂದ — “ಡಬ್ಬಿ ತನ್ನಿ ತಾತೆ!”

ಕಪಾಟಿಗೆ ಬೀಗ. ಬಾಗಿಲ ಹತ್ತಿರ ಮಂಜುಗಡ್ಡೆ ಒಡೆಯೋ ಕಬ್ಬಿಣದ ಸಲಿಕೆ ಇತ್ತು. ಅದರಿಂದ ಗಾಜು ಒಡೆದೆ. ಡಬ್ಬಿ ತಂದೆ. ಮುಚ್ಚಳ ತೆಗೆದ ಕೂಡಲೇ ಅದರೊಳಗಿಂದ ಹೆಂಗಸಿನ ದನಿ — ಶಾಂತವಾಗಿ, ರೈಲು ಬರೋದನ್ನ ಹೇಳೋ ಹಾಗೆ. ಎದೆ ಒರೆಸಿ ಅಂತು. ನನ್ನ ಕತ್ತಿನ ಸ್ಕಾರ್ಫ್‌ನಿಂದ ಒರೆಸಿದೆ. ಪಟ್ಟಿ ಅಂಟಿಸಿ ಅಂತು. ಅಂಟಿಸಿದೆ. ಯಾರೂ ಮುಟ್ಟಬೇಡಿ ಅಂತು. ಪಾಕ್ ಕೈ ಎತ್ತಿದ. ಮಿನುಗೋ ಗುಂಡಿ ಒತ್ತಿ ಅಂತು…

ಒತ್ತಿದೆ. ಆಸ್ತಿಕರು ಏನಂದುಕೊಳ್ತಾರೋ, ಆ ಕ್ಷಣ ನನಗೆ ದೇವರು ನೆನಪಾಗಲಿಲ್ಲ. ರಿಜಿಸ್ಟರಿನಲ್ಲಿ ಹಾಕಿದ ಸಹಿ ನೆನಪಾಯ್ತು.

ಎರಡನೇ ಸಲಕ್ಕೆ ನಾಡಿ ಸಿಕ್ಕಿತು. ಅಷ್ಟರಲ್ಲಿ ಆಂಬುಲೆನ್ಸಿನವರು ಬಂದರು. ಹೊರಗೆ ಹಿಮಗಾಳಿ, ಆದರೂ ಬಂದರು. ಡಾಕ್ಟರ್ ನನ್ನ ಭುಜ ತಟ್ಟಿದ.

ರೈಹಾನ್ ಐದಕ್ಕೆ ಎಂದಿನ ಹಾಗೆ ಬಂದಳು, ಒಣ ಟೋಪಿ ಹಿಡ್ಕೊಂಡು. ಹೇಳೋ ಕೆಲಸ ನನ್ನ ಪಾಲಿಗೆ ಬಂತು.

ಫೆ. ೧೩, ಗುರುವಾರ

ಬೆಳಿಗ್ಗೆ ಡೈರೆಕ್ಟರ್ ಎಲ್ಲರ ಮುಂದೆ ಹೂ ಕೊಟ್ಟ. ಚಪ್ಪಾಳೆ. ಮಧ್ಯಾಹ್ನ ಒಳಗೆ ಕರೆದ. ಬಾಗಿಲು ಹಾಕಿದ.

“ತಾತೆ, ಒಂದು ಹೇಳಿಕೆ ಬರೆದುಕೊಡಿ. ಕಪಾಟಿಗೆ ಬೀಗ ಇರಲಿಲ್ಲ. ಗಡಿಬಿಡಿಯಲ್ಲಿ ಗಾಜಿಗೆ ಕೈ ತಗುಲಿತು. ಅಷ್ಟೇ.”

“ಬೀಗ ಇತ್ತಲ್ಲಪ್ಪ.”

“ಇತ್ತು ಅಂದ್ರೆ ಮೊದಲ ಪ್ರಶ್ನೆ ನನಗೆ. ಎರಡನೇದು ನಿಮಗೆ. ನಿಮಗೆ ನಿವೃತ್ತಿಗೆ ಇನ್ನು ಮೂರು ವರ್ಷ ಅಲ್ವಾ?”

ಅವನೇ ಹೇಳಿದ, ನಾನು ಬರೆದೆ. ಸಹಿ ಹಾಕಿದೆ. ಅವನು ಕೆಟ್ಟವನೇನಲ್ಲ. ನನ್ನ ಅತ್ತೆ ಆಸ್ಪತ್ರೆಯಲ್ಲಿದ್ದಾಗ ತನ್ನ ಕಾರಿನಲ್ಲಿ ಮನೆಗೆ ಕರಕೊಂಡು ಬಂದವನು. ಹೆದರುಪುಕ್ಕಲ, ಅಷ್ಟೇ. ನನ್ನ ಹಾಗೆ.

ಫೆ. ೨೭

ಅಗಾಯ್‌ಗೆ ಎಚ್ಚರ ಆಗಿದೆ. ಕುಣಿಯೋ ಹಾಗಾಯ್ತು. ಆಮೇಲೆ ಲಿಡಿಯಾ ಉಳಿದದ್ದು ಹೇಳಿದಳು. ಮಾತು ಬರುತ್ತೆ, ಆದರೆ ಮಾತೆಲ್ಲ ಅದಲುಬದಲು. ಚಮಚಕ್ಕೆ ಏನೋ ಅಂತಾರೆ, ಹೆಂಡತಿಗೆ ಇನ್ನೇನೋ. ಬಲಗಾಲು ಎಳೆಯುತ್ತೆ.

“ಯಾಕೆ ಹಾಗೆ?” ಅಂದೆ.

“ಮೆದುಳಿಗೆ ರಕ್ತ ಹೋಗಿಲ್ಲ, ಕುಲ್ಯಾಶ್. ಪಾಕ್ ಒತ್ತಿದ್ದಕ್ಕೆ ಇಷ್ಟಾದ್ರೂ ಉಳಿದಿದೆ. ಶಾಕ್ ಒಂದೊಂದು ನಿಮಿಷ ತಡ ಆದಷ್ಟೂ…”

ನಾನು ಕೌಂಟರಿಗೆ ತಿರುಗಿದೆ. ಕೋಟು ಕೊಡೋಕೆ ಜನ ನಿಂತಿದ್ದರು.

ಮಾರ್ಚ್ ೫

ದೂರು ಬಂದಿದೆ. ಅಗಾಯ್ ಅವರ ಅಣ್ಣನ ಮಗ ಕೊಟ್ಟದ್ದು. ‘ತರಬೇತಿ ಇಲ್ಲದ ಕೋಟು ಕಾಯುವ ಹೆಂಗಸು ಕರೆಂಟ್ ಕೊಟ್ಟು ನಮ್ಮ ಚಿಕ್ಕಪ್ಪನ ಮೆದುಳು ಸುಟ್ಟಳು.’ ಕಾಗದದ ಮೇಲೆ ನನ್ನ ಪೂರ್ತಿ ಹೆಸರು, ತಂದೆಯ ಹೆಸರು ಸಮೇತ.

ಗಂಡ ಇನ್ನೂ ಕೆಲಸದಿಂದ ಬಂದಿರಲಿಲ್ಲ, ಮನೆಯಲ್ಲಿ ಅತ್ತೆ ಒಬ್ಬಳೇ; ಎಂಬತ್ತನಾಲ್ಕು, ಕಿವಿ ಮಂದ. ಕಿರುಚಿ ಹೇಳಬೇಕಾಯ್ತು, ಪಕ್ಕದ ಮನೆಗೂ ಕೇಳಿರಬೇಕು. “ಸತ್ತವರನ್ನ ಎಬ್ಬಿಸೋಕೆ ಹೋಗು ಅಂತ ನಿನಗೆ ಯಾರು ಹೇಳಿದ್ರು ಸೊಸೆ? ಕೋಟು ಕಾಯ್ಕೊಂಡಿರೋಕೆ ಆಗ್ಲಿಲ್ವಾ?” ಅಂದಳು. ಆಮೇಲೆ ತನ್ನ ತಟ್ಟೆಯ ಮಾಂಸದ ತುಂಡು ನನ್ನ ತಟ್ಟೆಗೆ ಹಾಕಿದಳು.

ಮಾರ್ಚ್ ೧೨

ತನಿಖೆಯವಳು ಬಂದಿದ್ದಳು. ಮಗಳ ವಯಸ್ಸು. ಜೊತೆಗೆ ಡಬ್ಬಿ ಕಂಪನಿಯಿಂದ ಒಬ್ಬ ತಂತ್ರಜ್ಞ. ಡಬ್ಬಿಗೆ ನೆನಪಿನ ಶಕ್ತಿ ಇದೆಯಂತೆ — ಯಾವಾಗ ತೆರೆದರು, ಹೃದಯ ಹೇಗಿತ್ತು, ಯಾವಾಗ ಶಾಕ್ ಹೋಯ್ತು, ಎಲ್ಲ ಬರೆದಿಟ್ಟುಕೊಳ್ಳುತ್ತೆ. ನನ್ನ ಹಾಗೇ ಅದಕ್ಕೂ ದಿನಚರಿ.

ಅವನು ಕಾಗದ ಬಿಡಿಸಿ ತೋರಿಸಿದ. “ನೋಡಿ, ಹೃದಯ ಬಡೀತಿಲ್ಲ, ಬರೀ ನಡುಗ್ತಿದೆ. ಇಂಥವರಿಗೆ ಶಾಕ್ ಬೇಕೇ ಬೇಕು. ಬೇಡದವರಿಗೆ ನೀವು ಗುಂಡಿ ಎಷ್ಟು ಒತ್ತಿದ್ರೂ ಇದು ಕೊಡಲ್ಲ. ಈ ಅಮ್ಮ ಸರಿಯಾಗೇ ಮಾಡಿದ್ದಾರೆ.”

ತನಿಖೆಯವಳು ನನ್ನ ಕಡೆ ತಿರುಗಿದಳು. “ಹೆದರಬೇಡಿ ತಾತೆ. ಜೀವ ಹೋಗೋ ಹೊತ್ತಲ್ಲಿ, ಬೇರೆ ದಾರಿ ಇಲ್ಲದೆ, ಉಳಿಸೋಕೆ ಅಂತ ಮಾಡಿದ್ದನ್ನ ಕಾನೂನು ಅಪರಾಧ ಅನ್ನಲ್ಲ. ಗಾಜು ಒಡೆದುಹೋದದ್ದೂ ಅಷ್ಟೇ.”

ಅವಳ ಕೈ ಹಿಡಿಯೋಕೆ ಎದ್ದೆ. ಅಷ್ಟರಲ್ಲಿ ಅವಳು ಕಾಗದ ನೋಡಿ ಕೇಳಿದಳು — “ಆಂಬುಲೆನ್ಸಿಗೆ ಕರೆ ನಾಲ್ಕೂ ಇಪ್ಪತ್ತೆರಡು. ಡಬ್ಬಿ ತೆರೆದದ್ದು ನಾಲ್ಕೂ ಇಪ್ಪತ್ತೆಂಟು. ಆರು ನಿಮಿಷ ಎಲ್ಲಿ ಹೋಯ್ತು?”

ನಾನು ಬಾಯಿ ತೆರೆಯೋ ಮುಂಚೆ ಡೈರೆಕ್ಟರ್ ಅಂದ — “ನೀರಿನ ಅಂಚಿಂದ ಒಣ ಜಾಗಕ್ಕೆ ಸಾಗಿಸಬೇಕಲ್ಲ. ಒದ್ದೆ ನೆಲ, ಕರೆಂಟು…”

“ಹೌದಾ ತಾತೆ?”

ತಲೆ ಆಡಿಸಿದೆ. ಅವಳು ಬರಕೊಂಡಳು.

ಪಾಕ್ ಗೋಡೆಗೆ ಒರಗಿ ನಿಂತಿದ್ದ. ನನ್ನ ಕಡೆ ನೋಡಲಿಲ್ಲ.

ಮಾರ್ಚ್ ೧೮

ಫೈಲು ಮುಚ್ಚಿದರು. ತಪ್ಪಿತಸ್ಥರು ಯಾರೂ ಇಲ್ಲ. ಕಾಗದ ಕೈಗೆ ಬಂತು, ಸೀಲು ಹೊಡೆದದ್ದು. ಎಲ್ಲರೂ ಕೈ ಕುಲುಕಿದರು.

ಫೆಬ್ರವರಿ ಹನ್ನೊಂದರ ಪುಟ ತಿರುಗಿಸಿ ಓದಿದೆ. ಅಲ್ಲಿ ಬರೆದದ್ದು ಸುಳ್ಳು. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ.

ನಡೆದದ್ದು ಇದು. ಕಪಾಟಿನ ಮುಂದೆ ಹೋಗಿ ನಿಂತೆ. ಸಲಿಕೆ ಮೂರು ಹೆಜ್ಜೆ ದೂರದಲ್ಲಿತ್ತು, ಕಣ್ಣಿಗೆ ಬಿತ್ತು. ಚೀಟಿ ಓದಿದೆ. ‘ಅವರೇ ಹೊಣೆ.’ ಡೈರೆಕ್ಟರ್‌ಗೆ ಫೋನ್ ಮಾಡಿದೆ. ತೆಗೆಯಲಿಲ್ಲ. ಮತ್ತೆ ಮಾಡಿದೆ. ಮತ್ತೆ ಮಾಡಿದೆ. ತೆಗೆದ. “ಮುಟ್ಟಬೇಡಿ, ಆಂಬುಲೆನ್ಸಿನವರು ನೋಡ್ಕೊಳ್ತಾರೆ, ನಾನು ಬರ್ತಿದ್ದೀನಿ” ಅಂದ. ಸರಿ ಅಂದೆ. ಸರಿ ಅಂದು ಫೋನ್ ಹಿಡ್ಕೊಂಡು ನಿಂತೆ. ಒಳಗಿಂದ ಪಾಕ್ ಎಣಿಸೋದು ಕೇಳಿಸ್ತಿತ್ತು — ಇಪ್ಪತ್ತಾರು, ಇಪ್ಪತ್ತೇಳು, ಇಪ್ಪತ್ತೆಂಟು… ಮತ್ತೆ ಒಂದರಿಂದ. “ತಾತೆ!” ಅಂತ ಕೂಗಿದ. ಆ ಕೂಗಲ್ಲಿ ಅಳು ಇತ್ತು. ಆಗ ಸಲಿಕೆ ತಗೊಂಡೆ.

ನನ್ನ ಫೋನಿನಲ್ಲಿ ನೋಡಿದೆ. ಡೈರೆಕ್ಟರ್‌ಗೆ ಮಾಡಿದ ಮೊದಲ ಕರೆಯಿಂದ ಡಬ್ಬಿ ತೆರೆಯೋವರೆಗೆ ಲೆಕ್ಕ ಹಾಕಿದರೆ ನಾಲ್ಕು ನಿಮಿಷ. ಆ ನಾಲ್ಕು ನನ್ನವು.

ಪಾಕ್ ಇವತ್ತಿಗೂ ಕೇಳಿಲ್ಲ. ಕೇಳಿ ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ ೯

ಇಷ್ಟು ದಿನ ಏನೂ ಬರೆಯಲಿಲ್ಲ. ವಸಂತದ ನೌರೂಜ್ ಹಬ್ಬ ಬಂತು, ಹೋಯ್ತು. ಹಿಮ ಕರಗಿ ಎಲ್ಲ ಕಡೆ ಕಲ್ಲಿದ್ದಲ ಮಸಿ ಬೆರೆತ ಕೆಸರು. ಎಲ್ಲರ ಬೂಟೂ ಕಪ್ಪು.

ಇವತ್ತು ರೈಹಾನ್ ಮನೆಗೆ ಹೋದೆ. ಬೌರ್ಸಾಕ್, ಅದೇ ನಮ್ಮ ಹಿಟ್ಟಿನ ಉಂಡೆ, ಕರಿದು ತಗೊಂಡು ಹೋದೆ, ಬಿಸಿ ಇರುವಾಗಲೇ. ಐದನೇ ಮಹಡಿ, ಲಿಫ್ಟ್ ಇಲ್ಲ. ಅಗಾಯ್ ಕಿಟಕಿ ಹತ್ತಿರ ಕೂತಿದ್ದರು, ಮಡಿಲಲ್ಲಿ ಕಂಬಳಿ. ಸಣ್ಣಗಾಗಿದ್ದಾರೆ. ಗಡ್ಡ ನೀಟಾಗಿ ಹೆರೆದಿತ್ತು — ಅವಳ ಕೈ.

ಬೌರ್ಸಾಕ್ ಎತ್ತಿ ನೋಡಿ “ದ್ವೀಪ” ಅಂದರು.

“ತಿನ್ನಿ, ದ್ವೀಪ ತಿನ್ನಿ” ಅಂದಳು ರೈಹಾನ್, ಸುಸ್ತಾದ ದನಿಯಲ್ಲಿ. ನನಗೆ ಹೇಳಿದಳು — “ಚಮಚಕ್ಕೆ ಭೂಶಿರ ಅಂತಾರೆ. ನಾನು ಜಲಸಂಧಿ. ಮೊನ್ನೆ ರಾತ್ರಿ ಮೂತ್ರಕ್ಕೆ ಹೋಗಬೇಕು ಅಂತ ಗಂಟೆಗಟ್ಟಲೆ ಭೂಮಧ್ಯರೇಖೆ, ಭೂಮಧ್ಯರೇಖೆ ಅಂದ್ರು. ನನಗೆ ಅರ್ಥ ಆಗೋ ಹೊತ್ತಿಗೆ ಹಾಸಿಗೆ ಒದ್ದೆ.”

ನಗು ಬಂತು ಇಬ್ಬರಿಗೂ. ಆಮೇಲೆ ಅವಳು ಅತ್ತಳು, ನಾನು ಬೌರ್ಸಾಕ್ ತಟ್ಟೆ ಅವಳ ಕಡೆ ಸರಿಸಿದೆ.

“ಭಾವನ ಮಗ ಮಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಕಾನೂನು ನಿಮ್ಮನ್ನ ಬಿಟ್ಟಿತಂತೆ, ಒಳ್ಳೇದಾಯ್ತು. ನನ್ನನ್ನ ಯಾರು ಬಿಡಿಸ್ತಾರೆ, ಅದನ್ನ ಹೇಳಿ. ಬದುಕಿಸಿ ಕೊಟ್ರಲ್ಲ ಅಂತ ಬೆಳಿಗ್ಗೆ ನಿಮಗೆ ಒಳ್ಳೇದಾಗಲಿ ಅಂತೀನಿ. ಸಂಜೆ ಹೊತ್ತಿಗೆ ಬೈತೀನಿ.”

ಹೇಳಬೇಕು ಅಂತಲೇ ಹೋಗಿದ್ದೆ. ನಾಲಿಗೆ ಏಳಲಿಲ್ಲ. ಬಟ್ಟಲಿಗೆ ಚಹಾ ಅಂಚಿನವರೆಗೂ ತುಂಬಿಸಿ ಕೊಟ್ಟಳು. ನಮ್ಮಲ್ಲಿ ತುಂಬಿದ ಬಟ್ಟಲು ಕೊಟ್ಟರೆ ಕುಡಿದು ಹೊರಡಿ ಅಂತ ಅರ್ಥ. ಕುಡಿದು ಹೊರಟೆ.

ಏಪ್ರಿಲ್ ೨೦, ಭಾನುವಾರ

ಹೇಳಿದೆ.

ಒಳಗೆ ಹೋಗಲಿಲ್ಲ, ಬಾಗಿಲಲ್ಲೇ ಹೇಳಿದೆ. ಕೂತರೆ ಮತ್ತೆ ಬಾಯಿ ಕಟ್ಟುತ್ತೆ ಅಂತ ಗೊತ್ತಿತ್ತು. ಬೀಗ ಇತ್ತು. ಚೀಟಿ ಇತ್ತು. ಸಲಿಕೆನೂ ಇತ್ತು. ಫೋನ್ ಹಿಡ್ಕೊಂಡು ನಿಂತಿದ್ದೆ.

“ಎಷ್ಟು ಹೊತ್ತು?”

“ನಾಲ್ಕು ನಿಮಿಷ.”

ಅವಳ ಕೈಯಲ್ಲಿ ಒದ್ದೆ ಟವೆಲ್. ಅದನ್ನ ಹಿಂಡಿದಳು. ನೀರು ಚಪ್ಪಲಿ ಮೇಲೆ ಬಿತ್ತು.

“ನಿನ್ನ ಗಂಡ ಬಿದ್ದಿದ್ರೆ ನಿಲ್ತಿದ್ಯಾ?” ಅಂದಳು. ಮೊದಲ ಸಲ ನೀನು ಅಂದಳು.

ಒಂದು ಹೆಜ್ಜೆ ಹಿಂದೆ ಸರಿದೆ.

ಬಾಗಿಲು ಹಾಕಿಕೊಂಡಳು. ಜೋರಾಗಿ ಅಲ್ಲ. ಮೆತ್ತಗೆ, ಒಳಗೆ ಮಲಗಿದವರಿಗೆ ಎಚ್ಚರ ಆಗದ ಹಾಗೆ. ಐದು ಮಹಡಿ ಇಳಿಯೋಕೆ ಕಾಲು ಗಂಟೆ ಬೇಕಾಯ್ತು.

ಮೇ ೧೫

ಮೂರು ವಾರದಿಂದ ದಿನಾ ಐದು ಗಂಟೆಗೆ ಬಾಗಿಲು ನೋಡೋದು ಅಭ್ಯಾಸ ಆಗಿತ್ತು. ಇವತ್ತು ನೋಡಲಿಲ್ಲ, ಇವತ್ತೇ ಬಂದಳು. ಕೌಂಟರಿನ ಮೇಲೆ ಒಂದು ಕಾಗದ ಇಟ್ಟಳು.

“ಓದು.”

ದೂರು. ಅದರಲ್ಲಿ ನನ್ನ ಹೆಸರು ಹುಡುಕಿದೆ.

“ನಿನ್ನ ಮೇಲಲ್ಲ. ಆ ಬೀಗದ ಮೇಲೆ. ಯಾರಿಗೂ ಸಿಗದ ಹಾಗೆ ಬೀಗ ಹಾಕಿ, ಮುಟ್ಟಿದರೆ ನೀವೇ ಹೊಣೆ ಅಂತ ಬರೆದವನ ಮೇಲೆ. ಆದ್ರೆ ಫೈಲಿನಲ್ಲಿ ನೋಡಿದೆ, ಬೀಗ ಇರಲೇ ಇಲ್ಲ ಅಂತ ನೀನು ಬರಕೊಟ್ಟಿದ್ದೀಯ.”

“ಹೌದು.”

“ಅದನ್ನ ವಾಪಸ್ ತಗೋ.”

“ಸುಳ್ಳು ಹೇಳಿಕೆ ಕೊಟ್ಟೆ ಅಂತ ಆಗುತ್ತೆ. ಕೆಲಸ ಹೋಗುತ್ತೆ ರೈಹಾನ್.”

“ನನ್ನ ಗಂಡ ನನ್ನನ್ನ ಜಲಸಂಧಿ ಅಂತಾನೆ.”

ಹಿಂದೆ ಒಬ್ಬಳು ಕೋಟು ಹಿಡ್ಕೊಂಡು ನಿಂತಿದ್ದಳು. “ಬೇಗ ಕೊಡಿ, ನೀರಿಗೆ ಹೊತ್ತಾಯ್ತು” ಅಂದಳು. ಕೋಟು ತಗೊಂಡೆ, ಟೋಕನ್ ಕೊಟ್ಟೆ. ಮತ್ತೆ ತಿರುಗಿದಾಗ ರೈಹಾನ್ ಇನ್ನೂ ನಿಂತಿದ್ದಳು. ಕಣ್ಣಿನ ಕೆಳಗೆ ಕಪ್ಪು. ಎಷ್ಟು ರಾತ್ರಿ ನಿದ್ದೆ ಇಲ್ಲವೋ.

“ಪೆನ್ನು ಇದೆಯಾ?” ಅಂದೆ.

ಮೇ ೧೬

ಡೈರೆಕ್ಟರ್‌ಗೆ ನಾನೇ ಮೊದಲು ಹೇಳಿದೆ. ಬೇರೆಯವರ ಬಾಯಿಂದ ಕೇಳೋದು ಬೇಡ ಅಂತ.

ಕೂಗಾಡ್ತಾನೆ ಅಂದುಕೊಂಡಿದ್ದೆ. ಕೂತುಬಿಟ್ಟ. “ನಾನು ಯಾರನ್ನೂ ಸಾಯಿಸೋಕೆ ಬೀಗ ಹಾಕಲಿಲ್ಲ ತಾತೆ. ಕದೀತಾರೆ ಅಂತ ಹಾಕಿದೆ. ಯಾರಾದ್ರೂ ತಪ್ಪಾಗಿ ಶಾಕ್ ಕೊಟ್ಟು ನನ್ನ ತಲೆಗೆ ಬರುತ್ತೆ ಅಂತ ಹಾಕಿದೆ.”

“ಗೊತ್ತು.”

“ಆವತ್ತು ನೀವು ಫೋನ್ ಮಾಡದೆ ಒಡೆದಿದ್ರೆ…”

“ಅದೂ ಗೊತ್ತು” ಅಂದೆ.

ಜೂನ್ ೧೧

ಅದೇ ತನಿಖೆಯವಳು ಮತ್ತೆ ಬಂದಳು. ಈ ಸಲ ತಾತೆ ಅನ್ನಲಿಲ್ಲ, ಪೂರ್ತಿ ಹೆಸರು ಹಿಡಿದು ಕರೆದಳು. ನನ್ನ ಫೋನ್ ನೋಡಿದಳು. ಕರೆಗಳ ಹೊತ್ತು ಬರಕೊಂಡಳು. ಪಾಕ್‌ನನ್ನ ಕರೆದಳು. “ಬೀಗ ಇತ್ತು. ನಾನೂ ಸಹಿ ಹಾಕಿದ್ದೆ” ಅಂದ. ಮಾರ್ಚಿನಲ್ಲಿ ಯಾಕೆ ಹೇಳಲಿಲ್ಲ ಅಂದದ್ದಕ್ಕೆ “ಕೇಳಲಿಲ್ಲ ನೀವು” ಅಂದ.

ಹೊರಗೆ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತ.

“ನನ್ನ ಕೈ ಸೋಲ್ತಿತ್ತು ತಾತೆ ಆವತ್ತು. ಇನ್ನೊಂದು ನಿಮಿಷ ಆಗಿದ್ರೆ ಬಿಟ್ಟುಬಿಡ್ತಿದ್ದೆ. ಅದನ್ನ ನಾನು ಯಾರಿಗೆ ಹೇಳಲಿ?”

ಒಳಗೆ ಮಕ್ಕಳು ನೀರಿಗೆ ಹಾರೋ ಸದ್ದು.

ಜೂನ್ ೨೫

ಡೈರೆಕ್ಟರ್‌ಗೆ ಲಿಖಿತ ಎಚ್ಚರಿಕೆ, ದಂಡ. ಕುರ್ಚಿ ಹಾಗೇ ಇದೆ. ನನ್ನನ್ನ ತೆಗೆದರು. ಕಾರಣ: ತನಿಖೆಗೆ ಸುಳ್ಳು ಹೇಳಿಕೆ. ಹೇಳಿಕೆ ಹೇಳಿ ಬರೆಸಿದವನೇ ಆದೇಶಕ್ಕೂ ಸಹಿ ಹಾಕಿದ. ಸಹಿ ಹಾಕುವಾಗ ಮುಖ ಎತ್ತಲಿಲ್ಲ. ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅದಕ್ಕೂ ಶಕ್ತಿ ಬೇಕು.

ಹಳದಿ ಡಬ್ಬಿ ಈಗ ಮುಂಬಾಗಿಲ ಹತ್ತಿರ, ಗಡಿಯಾರದ ಕೆಳಗೆ, ಬರೀ ಮೊಳೆಗೆ ತೂಗುಹಾಕಿದೆ. ಬೀಗ ಇಲ್ಲ. ಊರಲ್ಲಿ ಇಂಥ ಡಬ್ಬಿ ಇರೋ ಇನ್ನೆರಡು ಕಡೆಯೂ ಬೀಗ ತೆಗೆಸಿದರಂತೆ. ಚೀಟಿ ಲಿಡಿಯಾ ಬರೆದದ್ದು, ದಪ್ಪ ಅಕ್ಷರದಲ್ಲಿ: ‘ಯಾರು ಬೇಕಾದರೂ ತೆಗೆಯಿರಿ. ಅದು ಹೇಳಿದ ಹಾಗೆ ಮಾಡಿ.’ ಶನಿವಾರ ಶನಿವಾರ ಎಲ್ಲರಿಗೂ ಅಭ್ಯಾಸ ಮಾಡಿಸ್ತಾಳಂತೆ, ಗೊಂಬೆ ಇಟ್ಟುಕೊಂಡು.

ಅತ್ತೆಗೆ ಕೆಲಸ ಹೋಯ್ತು ಅಂತ ಕಿರುಚಿ ಹೇಳಿದೆ. “ಅಂತೂ ಮನೆಯಲ್ಲಿ ಒಬ್ಬಳು ಸಿಕ್ಕಿದಳು” ಅಂದಳು.

ಜುಲೈ ೮

ರೈಹಾನ್ ಮನೆಗೆ ಹೋಗ್ತಿದ್ದೇನೆ, ವಾರಕ್ಕೆ ಮೂರು ದಿನ. ಅವಳು ಕರೆಯಲಿಲ್ಲ. ಮೊದಲ ದಿನ ಹೋಗಿ ನಿಂತೆ. “ಏನು?” ಅಂದಳು. “ನೀನು ಹೊರಗೆ ಹೋಗಿ ಬಾ. ನಾನು ಕೂತಿರ್ತೀನಿ” ಅಂದೆ. ಸ್ಕಾರ್ಫ್ ಕಟ್ಟಿಕೊಂಡು ಹೊರಟಳು. ಮೂರು ಗಂಟೆ ಬಿಟ್ಟು ಬಂದಳು, ಕೈಯಲ್ಲಿ ಏನೂ ಇಲ್ಲ. ಬಸ್ ಸ್ಟಾಪಿನಲ್ಲಿ ಕೂತಿದ್ದಳಂತೆ. ಸುಮ್ಮನೆ.

ಇವತ್ತು ಅಗಾಯ್ ನನ್ನ ಕಡೆ ಬೆರಳು ತೋರಿಸಿ ಅವಳನ್ನ ಕೇಳಿದರು. ಮಾತು ಬೇರೆ ಏನೋ, ಆದರೆ ಕೇಳಿದ್ದು ಸ್ಪಷ್ಟ — ಇವಳು ಯಾರು?

ರೈಹಾನ್ ಟೊಮೆಟೊ ಹೆಚ್ಚುತ್ತಿದ್ದಳು. ಚಾಕು ನಿಲ್ಲಿಸಲಿಲ್ಲ.

“ತಡವಾಗಿ ಬಂದವಳು” ಅಂದಳು.

ನೆಲ ನೋಡಿದೆ.

ಅವಳು ಹೆಚ್ಚುತ್ತಲೇ ಇದ್ದಳು. ಸ್ವಲ್ಪ ಹೊತ್ತು ಬಿಟ್ಟು, ಅವರಿಗೋ ನನಗೋ ಗೊತ್ತಿಲ್ಲ — “ಬಂದಳು ಅಂತೂ.”

ಜುಲೈ ೧೭, ಮಧ್ಯಾಹ್ನ ಮೂರು

ಅವರ ಅಡಿಗೆಮನೆಯಲ್ಲೇ ಕೂತು ಬರೀತಿದ್ದೇನೆ. ಸೆಕೆ. ರೈಹಾನ್ ಹಲ್ಲಿನ ಡಾಕ್ಟರ್ ಹತ್ರ ಹೋಗಿದ್ದಾಳೆ, ಆರು ತಿಂಗಳ ನೋವು ಇಟ್ಟುಕೊಂಡು. ಅಗಾಯ್ ಊಟ ಮಾಡಿ ಮಲಗಿದ್ದಾರೆ. ಎರಡು ಬಟ್ಟಲು ಸೂಪ್ ಕುಡಿದರು. ಕೊಲ್ಲಿ ಅಂದರೆ ಸೂಪು ಅಂತ ನನಗೂ ಈಗ ಗೊತ್ತು. ನಿನ್ನೆ ಅತ್ತೆಗೆ “ಕೊಲ್ಲಿ ಆರ್ತಿದೆ, ಬನ್ನಿ” ಅಂದುಬಿಟ್ಟೆ.

ಪಾಕ್ ಬೆಳಿಗ್ಗೆ ಫೋನ್ ಮಾಡಿದ್ದ. ಶನಿವಾರ ಬನ್ನಿ ತಾತೆ, ಗುಂಡಿ ಒತ್ತಿದವರು ಊರಲ್ಲಿ ನೀವೊಬ್ಬರೇ, ಜನಕ್ಕೆ ಹೇಳಿ ಅಂತ. ಏನು ಹೇಳೋದು? ಒತ್ತೋದು ಸುಲಭ. ಅದಕ್ಕೂ ಮುಂಚಿನದನ್ನ ಹೇಳಬೇಕು. ಹೇಳ್ತೀನಿ ಅಂದೆ. ಯಾಕೆ ಒಪ್ಪಿದೆನೋ. ಎಲ್ಲರ ಮುಂದೆ ನಿಂತು ನಾಲ್ಕು ನಿಮಿಷ ಅಂತ ಹೇಗೆ —

ಕೋಣೆಯಿಂದ ಕೂಗ್ತಿದ್ದಾರೆ. ಭೂಮಧ್ಯರೇಖೆ. ಮತ್ತೆ — ಭೂಮಧ್ಯರೇಖೆ. ಹೋಗಬೇಕು, ತಡ ಮಾಡ —